ದೀರ್ಘ ಎಳೆಯುವ ಕಿರುಬೆರಳು

ನಾನು ಟೈಪಿಂಗ್ ಕಲಿತ ಯಂತ್ರದಲ್ಲಿ ‘1’ ಎಂಬ ಅಂಕೆಯೇ ಇರಲಿಲ್ಲ. ಸಾಗರದ ಪೇಟೆಯಲ್ಲಿ, ಕಿರಾಣಿ ಅಂಗಡಿಯೊಂದರ ಮಹಡಿಯ ಮೇಲೆ ನಡೆಯುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಅದು. ಎಂಬತ್ತರ ದಶಕದ ಕೊನೆಯ ವರ್ಷಗಳು. ಪಿಯುಸಿ ಮುಗಿಸಿ ಮುಂದೇನು ಎಂದು ತೋಚದವರೆಲ್ಲ ‘ಯಾವುದಕ್ಕೂ ಇರಲಿ’ ಎಂದು ಬಂದು ಸೇರುತ್ತಿದ್ದ ಜಾಗ. ಅಲ್ಲಿದ್ದ ಹಳೆಯ ಇಂಗ್ಲಿಷ್ ಯಂತ್ರಗಳಲ್ಲಿ ಅಂಕೆಗಳ ಸಾಲು 2ರಿಂದ ಶುರುವಾಗುತ್ತಿತ್ತು. ಒಂದು ಬೇಕೆಂದರೆ ಸಣ್ಣ ‘ಎಲ್’ ಹೊಡೆಯಬೇಕು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತಿದ್ದವು. ಆಶ್ಚರ್ಯಸೂಚಕ ಚಿಹ್ನೆಯೂ ಇರಲಿಲ್ಲ. ಮೊದಲು ಮೇಲೊಂದು ಗೀಟು ಹೊಡೆದು, ಬ್ಯಾಕ್‌ಸ್ಪೇಸ್ ಒತ್ತಿ ಕ್ಯಾರೇಜನ್ನು ಹಿಂದಕ್ಕೆ ತಂದು, ಅದರ ಬುಡಕ್ಕೆ ಚುಕ್ಕಿ ಇಡಬೇಕು. ಒಮ್ಮೆ ಆಶ್ಚರ್ಯಪಡಲು ಮೂರು ಏಟು.

ಹೀಗಿದ್ದೂ ಯಾರೂ ಗೊಣಗಿದ್ದು ನೆನಪಿಲ್ಲ. ಇಲ್ಲದ್ದು ಎಲ್ಲ ಯಂತ್ರಗಳಲ್ಲೂ ಇರಲಿಲ್ಲ, ಇದ್ದದ್ದು ಎಲ್ಲದರಲ್ಲೂ ಅದೇ ಜಾಗದಲ್ಲಿತ್ತು. ಬೆಳಗಿನ ಬ್ಯಾಚಿನಲ್ಲಿ ಕಿಟಕಿ ಪಕ್ಕದ ಯಂತ್ರ ಸಿಕ್ಕರೂ ಒಂದೇ, ಬಾಗಿಲ ಪಕ್ಕದ್ದು ಸಿಕ್ಕರೂ ಒಂದೇ. ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ರೂಪಿಸಿ ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರಾಟಕ್ಕಿಟ್ಟ ಯಂತ್ರದ ವಂಶಸ್ಥರು ಅವು. ಆ ಮೊದಲ ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಇದ್ದವು. 1878ರ ಎರಡನೇ ಮಾದರಿಯಲ್ಲಿ ಶಿಫ್ಟ್ ಕೀ ಬಂದ ಮೇಲೆ ಒಂದೇ ಕೀ ಎರಡು ಅಕ್ಷರ ಹೊಡೆಯತೊಡಗಿತು. ಕನ್ನಡದಲ್ಲಿ ಬರೆಯುವವನ ಪಾಲಿಗೆ ಆ ಶಿಫ್ಟ್ ಎಂಥ ಆಸ್ತಿ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅದನ್ನು ಕಿರಿದು ಮಾಡಿದ ಲ್ಯಾಪ್‌ಟಾಪ್ ಮನೆಗೆ ಬಂದಾಗ.

ನಮ್ಮ ಟೈಪಿಂಗ್ ಮೇಷ್ಟ್ರಿಗೆ ಒಂದೇ ಹಟ. ವಿದ್ಯಾರ್ಥಿ ಕೀ ನೋಡಬಾರದು. ಹೊಸಬರ ಯಂತ್ರದ ಮೇಲೆ ರಟ್ಟಿನ ಡಬ್ಬಿ ಕವುಚಿ ಹಾಕಿ, ಅದರೊಳಗೆ ಕೈ ತೂರಿಸಿ ಹೊಡೆಯಲು ಹೇಳುತ್ತಿದ್ದರು. ಬಗ್ಗಿ ಇಣುಕಿದರೆ ಹಿಂದಿನಿಂದ ದನಿ ಬರುತ್ತಿತ್ತು: “ಕೀ ಮುಖ ನೋಡೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರವೇನಯ್ಯಾ? ಕಾಗದ ನೋಡು.” ಎ, ಎಸ್, ಡಿ, ಎಫ್ ಎಂದು ಎಡಗೈಯೂ, ಸೆಮಿಕೋಲನ್, ಎಲ್, ಕೆ, ಜೆ ಎಂದು ಬಲಗೈಯೂ ವಾರಗಟ್ಟಲೆ ಅದನ್ನೇ ಕುಟ್ಟುತ್ತಿದ್ದವು. ಆಮೇಲೆ ಕನ್ನಡ ಯಂತ್ರಕ್ಕೆ ಬಡ್ತಿ. ಅನಂತ ಸುಬ್ಬರಾಯರು ಕನ್ನಡಕ್ಕೆಂದು ಕೀಲಿಮಣೆ ಕೂಡಿಸಿದ ಆ ಯಂತ್ರದಲ್ಲಿ ಅದೇ ಜಾಗಗಳಲ್ಲಿ ಬೇರೆಯದೇ ಅಕ್ಷರಗಳು. ಇಂಗ್ಲಿಷ್ ಕಲಿತ ಬೆರಳಿಗೆ ಎರಡನೇ ಸಲ ಅಕ್ಷರಾಭ್ಯಾಸ. ಅಲ್ಲೂ ರಟ್ಟಿನ ಡಬ್ಬಿ ತಪ್ಪಲಿಲ್ಲ.

ತೊಂಬತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು ವಾರಪತ್ರಿಕೆಯೊಂದನ್ನು ಸೇರಿದೆ. ಡಿಟಿಪಿ ವಿಭಾಗದಲ್ಲಿ ಕಂಪ್ಯೂಟರುಗಳು, ಅವುಗಳ ಮುಂದೆ ದಪ್ಪ ದಪ್ಪ ಕೀಬೋರ್ಡುಗಳು. ಮುಂದೆ ನಾನು ಒಗ್ಗಿಕೊಂಡದ್ದು ಕೆ. ಪಿ. ರಾವ್ ಅವರ ವಿನ್ಯಾಸಕ್ಕೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸಿಕೊಂಡದ್ದೂ ಕರ್ನಾಟಕ ಸರ್ಕಾರ ಒಪ್ಪಿಕೊಂಡದ್ದೂ ಅದನ್ನೇ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ಇಡೀ ಕನ್ನಡ ವರ್ಣಮಾಲೆಯನ್ನು ಅಡಕಗೊಳಿಸಿದ ಜಾಣತನ ಅದರದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಹ್ರಸ್ವ ಕೆಳಗೆ, ದೀರ್ಘ ಶಿಫ್ಟಿನಲ್ಲಿ. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಶಿಫ್ಟಿನಲ್ಲಿ.

‘ರಾಷ್ಟ್ರ’ ಎಂದು ಬರೆಯಬೇಕೆಂದರೆ ಬೆರಳುಗಳು ಹೀಗೆ ಓಡುತ್ತವೆ: ಆರ್, ಶಿಫ್ಟ್ ಹಿಡಿದು ಎ, ಎಕ್ಸ್, ಎಫ್, ಕ್ಯೂ, ಎಫ್, ಆರ್. ಇಲ್ಲಿ ಎಕ್ಸ್ ಅಂದರೆ ಷ, ಕ್ಯೂ ಅಂದರೆ ಟ. ನಡುನಡುವೆ ಬರುವ ಎಫ್ ಅಕ್ಷರಕ್ಕೆ ಅಕ್ಷರ ಬೆಸೆಯುವ ಕೊಂಡಿ. ಒತ್ತಕ್ಷರಗಳೆಲ್ಲ ಹುಟ್ಟುವುದು ಅಲ್ಲಿಂದ. ಎಫ್ ಮತ್ತು ಜೆ ಕೀಲಿಗಳ ಮೇಲೆ ಉಗುರಿಗೆ ತಾಗುವಷ್ಟು ಸಣ್ಣ ಉಬ್ಬುಗೆರೆ ಇರುತ್ತದೆ, ತೋರುಬೆರಳುಗಳು ನೋಡದೆಯೇ ತಮ್ಮ ಸ್ಥಾನ ಗುರುತಿಸಲಿ ಎಂದು. ಕನ್ನಡದ ಅತಿ ದುಡಿಯುವ ಕೀ ಆ ಗೆರೆಯ ಮೇಲೆಯೇ ಬಂದು ಕೂತದ್ದು ನಮ್ಮ ಪುಣ್ಯ. ನಮ್ಮ ವಿಭಾಗದ ಹಳೆಯ ಕೀಬೋರ್ಡುಗಳಲ್ಲಿ ಮೊದಲು ಅಳಿಸಿಹೋಗುತ್ತಿದ್ದದ್ದೂ ಎಫ್ ಮತ್ತು ಎ. ಹೊಸದಾಗಿ ಸೇರಿದ ಹುಡುಗರು ಗಾಬರಿಯಾಗುತ್ತಿದ್ದರು. ಹಳಬರಿಗೆ ಅಳಿಸಿದ್ದು ಗೊತ್ತೇ ಆಗುತ್ತಿರಲಿಲ್ಲ.

ಕೀಲಿಗಳ ಮೇಲೆ ನಮ್ಮ ಅಕ್ಷರ ಎಂದೂ ಅಚ್ಚಾಗಿರಲಿಲ್ಲವಾದ್ದರಿಂದ ಅದನ್ನು ಕಳೆದುಕೊಳ್ಳುವ ಭಯವೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವನು ಕೀಲಿಯ ಮುಖ ನೋಡಿ ಬರೆಯುವುದಿಲ್ಲ, ಅದರ ಜಾಗ ನೋಡಿ ಬರೆಯುತ್ತಾನೆ. ಲ್ಯಾಪ್‌ಟಾಪ್ ಮಾಡುವವರು ಕೈ ಹಾಕಿದ್ದು ಸರಿಯಾಗಿ ಆ ಜಾಗಕ್ಕೇ.

ಪತ್ರಿಕೆ ಬಿಟ್ಟು ಮನೆಯಲ್ಲೇ ಅನುವಾದಕ್ಕೆ ಕೂತ ಹೊಸತರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆ. ಅದರ ಬಲಭಾಗದ ಅಕ್ಷರಗಳ ಮೂಲೆಯಲ್ಲಿ ನೀಲಿ ಬಣ್ಣದ ಪುಟ್ಟ ಅಂಕೆಗಳಿದ್ದವು. ಯಾಕೆಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅನುವಾದಕನ ಕಣ್ಣು ಮೂಲ ಪುಸ್ತಕದ ಮೇಲಿರುತ್ತದೆ, ಪರದೆಯ ಮೇಲಲ್ಲ. ಒಂದು ಮಧ್ಯಾಹ್ನ ಪುಟಗಟ್ಟಲೆ ಹೊಡೆದು ಎದ್ದ ಮೇಲೆ, ಕಾಫಿ ತಂದ ಹೆಂಡತಿ ಪರದೆಗೆ ಕಣ್ಣು ಹಾಯಿಸಿ, “ರೀ, ಇಲ್ಲಿ 203 ಅಂತಿದೆಯಲ್ಲ, ಇದೇನು ಲಾಡ್ಜಿನ ರೂಮ್ ನಂಬರಾ?” ಎಂದಳು.

ಕಮಲ ಎಂದು ಬರೆಯಲು ಕೆ, ಎಂ, ಎಲ್ ಹೊಡೆಯಬೇಕು. ಆ ಯಂತ್ರದಲ್ಲಿ ನಮ್ ಲಾಕ್ ಹತ್ತಿಕೊಂಡರೆ ಅದೇ ಮೂರು ಕೀಲಿಗಳು 2, 0, 3 ಆಗುತ್ತಿದ್ದವು. ದೊಡ್ಡ ಕೀಬೋರ್ಡಿನ ಬಲಗಡೆ ಇರುವ ಅಂಕೆಗಳ ಮನೆಗೆ ಪುಟ್ಟ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ಹಾಗೆಂದು ಬಿಟ್ಟುಬಿಡಲೂ ಮನಸ್ಸಿಲ್ಲ. ತಯಾರಕರು ಅದನ್ನು ಅಕ್ಷರಗಳ ಹೊಟ್ಟೆಯೊಳಗೆ ಬಚ್ಚಿಟ್ಟರು: ಯು, ಐ, ಒ ಅಂದರೆ 4, 5, 6, ಜೆ, ಕೆ, ಎಲ್ ಅಂದರೆ 1, 2, 3, ಎಂ ಅಂದರೆ ಸೊನ್ನೆ, ಪಿ ಅಂದರೆ ನಕ್ಷತ್ರ. ಕನ್ನಡದ ಪಾಲಿಗೆ ಅದು ಕ, ಮ, ಲ, ಜ, ಪಗಳ ಜೊತೆ ಇಕಾರ, ಉಕಾರ, ಒಕಾರಗಳನ್ನೂ ಒಂದೇಟಿಗೆ ನುಂಗಿಹಾಕುವ ವ್ಯವಸ್ಥೆ. ‘ಜಲ’ ಎಂದರೆ 13. ‘ಕನ್ನಡ’ ಎಂದರೆ 2ನ್ನಡ. ಇದರ ನಿಜವಾದ ಕಾಟ ಪಾಸ್‌ವರ್ಡ್ ಹಾಕುವಾಗ. ಅಲ್ಲಿ ಏನು ಹೊಡೆದರೂ ಕಾಣುವುದು ಬರೀ ಚುಕ್ಕಿ. ಅಕ್ಷರ ಬಿತ್ತೋ ಅಂಕೆ ಬಿತ್ತೋ ಹೇಳುವವರಿಲ್ಲ. ಪಾಸ್‌ವರ್ಡ್ ತಪ್ಪು ಎನ್ನುವ ಯಂತ್ರ ತಾನೇ ಅದನ್ನು ತಪ್ಪಿಸಿದ್ದು ಎಂದು ಮಾತ್ರ ಹೇಳುವುದಿಲ್ಲ.

ಮುಂದಿನ ಯಂತ್ರದಲ್ಲಿ ಆ ಕಾಟ ಇರಲಿಲ್ಲ. ಬದಲಿಗೆ ಎಡಗಡೆಯ ಕೆಳಮೂಲೆಯಲ್ಲಿ ಕಂಟ್ರೋಲ್ ಇರಬೇಕಾದ ಕಡೆ ಎಫ್‌ಎನ್ ಎಂಬ ಕೀ ಬಂದು ಕೂತಿತ್ತು. ಈ ವಿಷಯದಲ್ಲಿ ಲ್ಯಾಪ್‌ಟಾಪ್ ಲೋಕ ಎರಡು ಪಂಗಡ. ಥಿಂಕ್‌ಪ್ಯಾಡ್‌ಗಳೂ ಆಪಲ್‌ನ ಮ್ಯಾಕ್‌ಬುಕ್‌ಗಳೂ ಬಹುಕಾಲ ಮೂಲೆಯನ್ನು ಎಫ್‌ಎನ್‌ಗೆ ಬಿಟ್ಟುಕೊಟ್ಟಿದ್ದವು. ಉಳಿದ ಬಹುಪಾಲು ಯಂತ್ರಗಳಲ್ಲಿ ಮೂಲೆ ಕಂಟ್ರೋಲಿನದು. ಒಂದು ಪಂಗಡದಲ್ಲಿ ಪಳಗಿದ ಕೈ ಇನ್ನೊಂದಕ್ಕೆ ಹೋದರೆ ಕಾಪಿ ಆಗುವುದಿಲ್ಲ, ಪೇಸ್ಟ್ ಆಗುವುದಿಲ್ಲ, ಸೇವ್ ಎಂದುಕೊಂಡದ್ದು ಸೇವ್ ಆಗಿರುವುದಿಲ್ಲ. ಥಿಂಕ್‌ಪ್ಯಾಡ್ ಮಾಡುವವರು ಕೊನೆಗೆ ಬಯೋಸ್ ಸೆಟ್ಟಿಂಗ್‌ನಲ್ಲಿ ಇವೆರಡನ್ನೂ ಅದಲುಬದಲು ಮಾಡಿಕೊಳ್ಳುವ ಅವಕಾಶ ಕೊಟ್ಟರು. ಗೊಣಗಾಟ ನನ್ನೊಬ್ಬನದೇ ಆಗಿರಲಿಲ್ಲ ಎನ್ನಲು ಅಷ್ಟು ಸಾಕು.

ಇವೆಲ್ಲ ಹೇಗೋ ಹೊಂದಿಕೊಂಡು ಹೋಗುವ ತಕರಾರುಗಳು. ಹೊಂದಿಕೊಳ್ಳಲಾಗದ್ದು ಮೂರನೆಯ ಯಂತ್ರದಲ್ಲಿ ಬಂತು. ನೋಡಲು ಚೆಂದ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಆದರೆ ಅದರ ಬಲಗಡೆಯ ಶಿಫ್ಟ್ ಒಂದು ಸಾಮಾನ್ಯ ಅಕ್ಷರದ ಕೀಲಿಯಷ್ಟೇ ಅಗಲ. ಶಿಫ್ಟ್ ಇರಬೇಕಾದ ಜಾಗದಲ್ಲಿ ಮೇಲ್ಮುಖದ ಬಾಣ. ಬಾಣದ ಆಚೆ, ತುದಿಗೆ ತಳ್ಳಲ್ಪಟ್ಟ ಶಿಫ್ಟ್.

ಇಂಗ್ಲಿಷ್ ಬರೆಯುವವರಿಗೆ ಇದು ದೊಡ್ಡದೆನಿಸಲಿಕ್ಕಿಲ್ಲ. ವಾಕ್ಯದ ಶುರುವಿಗೊಮ್ಮೆ, ಹೆಸರು ಬಂದಾಗೊಮ್ಮೆ ಅವರಿಗೆ ಶಿಫ್ಟ್ ಬೇಕು. ಎಷ್ಟೋ ಜನ ಎಡಗಡೆಯದನ್ನೇ ಬಳಸಿ ಮುಗಿಸುತ್ತಾರೆ. ನಮ್ಮ ಕಥೆ ಬೇರೆ. ಟೈಪಿಂಗ್ ಶಾಸ್ತ್ರದ ಪ್ರಕಾರ ಎಡಗೈ ಅಕ್ಷರಕ್ಕೆ ಬಲಗೈ ಕಿರುಬೆರಳು ಶಿಫ್ಟ್ ಹಿಡಿಯಬೇಕು. ಎ ಇರುವುದು ಎಡಗೈ ಕಿರುಬೆರಳಿನ ಕೆಳಗೆ. ಹಾಗಾಗಿ ಕನ್ನಡದಲ್ಲಿ ‘ಆ’ಕಾರದ ದೀರ್ಘ ಎಳೆಯುವ ಕೆಲಸವೆಲ್ಲ ಬಲಗೈ ಕಿರುಬೆರಳಿನದು. ಯಾವುದಾದರೂ ಕನ್ನಡ ಸಾಲಿನಲ್ಲಿ ದೀರ್ಘಗಳನ್ನು ಎಣಿಸಿ ನೋಡಿ, ಆ ಬೆರಳಿನ ದುಡಿಮೆ ಗೊತ್ತಾಗುತ್ತದೆ. ಅದು ಸಾಲದೆಂಬಂತೆ ಧ, ಥ, ಭ, ಘ, ಛ, ಠ, ಢ, ಶ, ಏ, ಔ ಇವೂ ಎಡಗೈಯ ಶಿಫ್ಟ್ ಅಕ್ಷರಗಳೇ. ಎಲ್ಲಕ್ಕೂ ಅದೇ ಕಿರುಬೆರಳು ಬಲಕ್ಕೆ ಚಾಚಬೇಕು.

ಈಗ ಆ ಜಾಗದಲ್ಲಿ ಬಾಣವಿದ್ದರೆ ಏನಾಗುತ್ತದೆ? ‘ಕಾಗದ’ ಎಂದು ಬರೆಯಲು ಹೊರಡುತ್ತೀರಿ. ಕ ಬೀಳುತ್ತದೆ. ದೀರ್ಘಕ್ಕೆಂದು ಕಿರುಬೆರಳು ಚಾಚುತ್ತದೆ, ಕರ್ಸರ್ ಟಣ್ಣನೆ ಮೇಲಿನ ಸಾಲಿಗೆ ನೆಗೆಯುತ್ತದೆ. ಅಲ್ಲಿ ‘ಮಳೆಗಾಲ’ ಎಂದಿತ್ತು ಎನ್ನಿ. ಎಡಗೈ ಏನೂ ಅರಿಯದೆ ಎ ಒತ್ತುತ್ತದೆ. ಶಿಫ್ಟ್ ಇಲ್ಲವಾದ್ದರಿಂದ ‘ಅ’ ಬೀಳುತ್ತದೆ. ಗ ಮತ್ತು ದ ಅದರ ಹಿಂದೆಯೇ ಬರುತ್ತವೆ. ತಲೆಯೆತ್ತಿ ನೋಡಿದರೆ ಮೇಲಿನ ಸಾಲಿನಲ್ಲಿ ‘ಮಳೆಅಗದಗಾಲ’, ಕೆಳಗಿನ ಸಾಲಿನ ಕೊನೆಯಲ್ಲಿ ಅನಾಥ ‘ಕ’. ಇಂಗ್ಲಿಷಿನಲ್ಲಿ ಇಂಥದ್ದಾದರೆ ಕಾಗುಣಿತ ಪರೀಕ್ಷಕ ಕೆಂಪು ಗೆರೆ ಎಳೆದು ಕೂಗುತ್ತದೆ. ನನ್ನ ಕನ್ನಡ ಕಡತದಲ್ಲಿ ಅದರ ಸದ್ದಿಲ್ಲ. ನಾಲ್ಕು ಸಾಲು ಹೊಡೆದು ಮುಗಿಯುವಷ್ಟರಲ್ಲಿ ಮೇಲಿನ ಪ್ಯಾರಾ ತುಂಬ ಇಂಥ ಗಂಟುಗಳು. ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹೆಕ್ಕುವುದರಲ್ಲೇ ಹೋಗುತ್ತಿತ್ತು.

ಹೆಕ್ಕುವುದಕ್ಕೆ ಡಿಲೀಟ್ ಬೇಕು. ಅದರ ಕಥೆಯೂ ಕೇಳಬೇಕಾದ್ದೇ. ಇಂಗ್ಲಿಷಿನವರಿಗೆ ಬ್ಯಾಕ್‌ಸ್ಪೇಸ್ ಹಿಂದಿನ ಅಕ್ಷರವನ್ನೂ ಡಿಲೀಟ್ ಮುಂದಿನ ಅಕ್ಷರವನ್ನೂ ಅಳಿಸುತ್ತದೆ, ಅಷ್ಟೇ ವ್ಯತ್ಯಾಸ. ಯೂನಿಕೋಡ್ ಕನ್ನಡದಲ್ಲಿ ಅವೆರಡೂ ಬೇರೆ ಬೇರೆ ಆಯುಧಗಳು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಸ, ಕೊಂಡಿ, ತ, ಕೊಂಡಿ, ರ, ಈಕಾರ ಎಂಬ ಆರು ಸಂಕೇತಗಳ ಸರ. ನಾನು ಬಳಸುವ ತಂತ್ರಾಂಶದಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ಈಕಾರ ಮಾತ್ರ ಕಳಚುತ್ತದೆ. ಇನ್ನೊಮ್ಮೆ ಒತ್ತಿದರೆ ರ. ತಪ್ಪಿದ್ದು ದೀರ್ಘವಾದರೆ ದೀರ್ಘವನ್ನಷ್ಟೇ ತಿದ್ದಬಹುದು, ಬುಡ ಹಾಗೇ ಉಳಿಯುತ್ತದೆ. ಅಕ್ಷರದ ಮುಂದೆ ನಿಂತು ಡಿಲೀಟ್ ಒತ್ತಿದರೆ ಆರೂ ಒಟ್ಟಿಗೆ ಮಾಯ. ಚೂರು ತಿದ್ದಲು ಒಂದು, ಪೂರ್ತಿ ಕೀಳಲು ಇನ್ನೊಂದು. ಕರಡು ತಿದ್ದುವವನಿಗೆ ಎರಡೂ ಬೇಕು.

ಮ್ಯಾಕ್‌ಬುಕ್‌ನಲ್ಲಿ ಡಿಲೀಟ್ ಎಂದು ಬರೆದಿರುವ ಕೀ ಮಾಡುವುದು ಬ್ಯಾಕ್‌ಸ್ಪೇಸಿನ ಕೆಲಸ. ಮುಂದಿನದನ್ನು ಅಳಿಸಲು ಎಫ್‌ಎನ್ ಜೊತೆಗೆ ಅದನ್ನು ಒತ್ತಬೇಕು. ನನ್ನ ಯಂತ್ರದಲ್ಲಿ ಡಿಲೀಟ್ ಏನೋ ಇತ್ತು, ಆದರೆ ಅದರ ಪಕ್ಕಕ್ಕೇ ಮೂಲೆಯಲ್ಲಿ ಯಂತ್ರವನ್ನು ಆರಿಸುವ ಪವರ್ ಬಟನ್. ಅಳತೆ, ಬಣ್ಣ, ಮುಟ್ಟಿದರೆ ಸಿಗುವ ಅನುಭವ ಎಲ್ಲ ಅವಳಿಜವಳಿ. ಒಂದು ಶಬ್ದ ಅಳಿಸಲು ಹೋದರೆ ಇಡೀ ಪರದೆಯೇ ಕಪ್ಪಾಗಿ ಯಂತ್ರ ನಿದ್ದೆಗೆ ಜಾರುತ್ತಿತ್ತು. ಆ ಗುಂಡಿ ಒತ್ತಿದರೆ ‘ಏನೂ ಮಾಡಬೇಡ’ ಎಂದು ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಹೇಳಿಡಬಹುದು. ಹಾಗೆ ಹೇಳಿಟ್ಟ ಮೇಲೆ ನೆಮ್ಮದಿಯಾಯಿತು.

ಆ ದಿನಗಳಲ್ಲೇ ಭಾವ ಬೆಂಗಳೂರಿಗೆ ಬಂದಿದ್ದರು. ಸಾಗರದಲ್ಲಿ ಅಡಿಕೆ ಮಂಡಿಯ ಲೆಕ್ಕಪತ್ರ ನೋಡಿಕೊಳ್ಳುವವರು. ದಿನವಿಡೀ ತೂಕ, ದರ, ಕಮಿಷನ್, ಜಿಎಸ್‌ಟಿ. ಅವರೂ ಲ್ಯಾಪ್‌ಟಾಪ್ ಕೊಳ್ಳಬೇಕಿತ್ತು. ಎಸ್‌.ಪಿ. ರೋಡಿಗೆ ಇಬ್ಬರೂ ಹೋದೆವು. ನಾನು ಶಿಫ್ಟ್ ಅಗಲ ನೋಡುತ್ತಿದ್ದರೆ ಅವರು ಬೇರೇನೂ ನೋಡದೆ, ಬಲಗಡೆ ಅಂಕೆಗಳ ಮನೆ ಇದ್ದ 15.6 ಇಂಚಿನ ಯಂತ್ರದ ಮುಂದೆ ನಿಂತುಬಿಟ್ಟರು. “ಇದು ಬೇಡ ಭಾವ. ಅಂಕೆಗಳು ಅಷ್ಟು ಜಾಗ ತಿಂದದ್ದಕ್ಕೆ ಅಕ್ಷರಗಳೆಲ್ಲ ಎಡಕ್ಕೆ ಸರಿದಿವೆ ನೋಡಿ. ಪರದೆ ನಡುವೆ ಇದೆ, ಕೈ ಎಡಕ್ಕಿರ್ತದೆ, ಕತ್ತು ನೋವು ಬರ್ತದೆ” ಎಂದೆ. ಅವರು ನಕ್ಕು, “ಅಕ್ಷರ ಎಲ್ಲಿಗೆ ಬೇಕಾದ್ರೂ ಹೋಗ್ಲಿ ಮಾರಾಯ. ನಾನೇನು ಕಾದಂಬರಿ ಬರೀತೀನಾ? ನಂಬರ್ ಪ್ಯಾಡ್ ಇಲ್ದಿದ್ರೆ ಸೀಸನ್ನಿನಲ್ಲಿ ನನ್ನ ಕಥೆ ಮುಗೀತು” ಎಂದರು. ಅಂಗಡಿಯಲ್ಲೇ ನಿಂತು ಬಲಗೈಯಲ್ಲಿ ಅಂಕೆ ಒತ್ತುತ್ತ, ಎಡಗೈಯಲ್ಲಿ ಹಿಡಿದಿದ್ದ ಹಳೆಯ ಬಿಲ್ಲಿನಿಂದ ಕಣ್ಣೆತ್ತದೆ ಒಂದು ಕಾಲಂ ಪೂರ್ತಿ ಇಳಿಸಿದರು. ನನ್ನ ಮೇಷ್ಟ್ರು ಇದ್ದಿದ್ದರೆ ಮೆಚ್ಚುತ್ತಿದ್ದರು.

ಒಬ್ಬನಿಗೆ ಕಸವೆನಿಸಿದ ಕೀ ಇನ್ನೊಬ್ಬನ ಅನ್ನ. ಯಾರ ಬೆರಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು ಎಂಬುದು ಮಾತ್ರ ಎಲ್ಲೋ ದೂರದ ವಿನ್ಯಾಸದ ಕೋಣೆಯಲ್ಲಿ ತೀರ್ಮಾನವಾಗುತ್ತದೆ. 2014ರ ಒಂದು ಥಿಂಕ್‌ಪ್ಯಾಡ್ ಮಾದರಿಯಲ್ಲಿ ಕ್ಯಾಪ್ಸ್ ಲಾಕ್ ತೆಗೆದು ಆ ಜಾಗದಲ್ಲಿ ಹೋಮ್ ಮತ್ತು ಎಂಡ್ ಕೀಲಿಗಳನ್ನು ಕೂರಿಸಿದ್ದರು. ಮರುವರ್ಷವೇ ಹಳೆಯ ವ್ಯವಸ್ಥೆಗೆ ಮರಳಿದರು. 2016ರಲ್ಲಿ ಆಪಲ್ ತನ್ನ ಮ್ಯಾಕ್‌ಬುಕ್ ಪ್ರೊದ ಮೇಲಿನ ಸಾಲನ್ನೇ ತೆಗೆದು ಸ್ಪರ್ಶಪಟ್ಟಿ ಹಾಕಿದಾಗ ಎಸ್ಕೇಪ್ ಕೀ ಬರೀ ಚಿತ್ರವಾಯಿತು. ದಿನಕ್ಕೆ ನೂರಾರು ಸಲ ಎಸ್ಕೇಪ್ ಒತ್ತುವ ಪ್ರೋಗ್ರಾಮರುಗಳು ಗಲಾಟೆ ಮಾಡಿದರು. 2019ರ 16 ಇಂಚಿನ ಯಂತ್ರದಲ್ಲಿ ಅದು ಮತ್ತೆ ಕೈಗೆ ತಾಗುವ ಕೀಲಿಯಾಗಿ ಬಂತು. ಕ್ರೋಮ್‌ಬುಕ್‌ಗಳಲ್ಲಿ ಕ್ಯಾಪ್ಸ್ ಲಾಕ್ ಜಾಗದಲ್ಲಿ ಹುಡುಕಾಟದ ಕೀ ಇರುತ್ತದೆ. ಅದಕ್ಕೆ ಮಾತ್ರ ನನ್ನ ಆಕ್ಷೇಪವಿಲ್ಲ. ನಮ್ಮ ಆಫೀಸಿನ ತಂತ್ರಾಂಶದಲ್ಲಿ ಕ್ಯಾಪ್ಸ್ ಲಾಕ್ ತಿಳಿಯದೆ ಹತ್ತಿಕೊಂಡರೆ ‘ಬದಲು’ ಹೋಗಿ ‘ಭಧಳೂ’ ಆಗುತ್ತಿತ್ತು. ಒಂದಿಡೀ ಪ್ಯಾರಾ ಮಹಾಪ್ರಾಣದಲ್ಲಿ ಬುಸುಗುಡುವುದನ್ನು ನೋಡಿದವರಿಗೆ ಆ ಕೀ ಹೋದದ್ದಕ್ಕೆ ದುಃಖವಾಗದು.

2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಎಂಬ ಹೊಸ ಕೀಲಿಯನ್ನು ಪ್ರಕಟಿಸಿತು. 1994ರಲ್ಲಿ ವಿಂಡೋಸ್ ಕೀ ಬಂದ ಮೇಲೆ ಪಿಸಿ ಕೀಬೋರ್ಡಿಗೆ ಆದ ದೊಡ್ಡ ಬದಲಾವಣೆ ಅದು. ಅನೇಕ ಯಂತ್ರಗಳಲ್ಲಿ ಅದು ಬಂದು ಕೂತಿದ್ದು ಬಲಗಡೆಯ ಕಂಟ್ರೋಲಿನ ಜಾಗದಲ್ಲಿ. ಹೋದ ಕೀಲಿಗಳನ್ನೂ ಬಂದ ಕೀಲಿಗಳನ್ನೂ ಒಂದು ಪಟ್ಟಿ ಮಾಡಿದರೆ ನನಗೆ ಕಾಣುವುದು ಇಷ್ಟು: ಇನ್ಸರ್ಟ್, ಹೋಮ್, ಎಂಡ್, ಬಲಗಡೆ ಕಂಟ್ರೋಲ್ ಇವು ಯಂತ್ರದ ಮುಂದೆ ಕೂತು ಬರೆಯುವವನಿಗೆ ಬೇಕಾದವು, ಬಂದವು ಯಂತ್ರ ಮಾರುವವನಿಗೆ ತೋರಿಸಲು ಬೇಕಾದವು.

ತೋರಿಸುವುದಕ್ಕೆಂದೇ ಇರುವ ಇನ್ನೊಂದು ಕೀ ನಮ್ಮ ದೇಶದ ಲ್ಯಾಪ್‌ಟಾಪ್‌ಗಳಲ್ಲಿದೆ. 2010ರ ಜುಲೈನಲ್ಲಿ ಉದಯಕುಮಾರ್ ಅವರು ರೂಪಿಸಿದ ₹ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿತು. ಅದೇ ವರ್ಷ ಯೂನಿಕೋಡ್‌ಗೂ ಸೇರಿತು. ಇಲ್ಲಿ ಮಾರುವ ಎಷ್ಟೋ ಯಂತ್ರಗಳಲ್ಲಿ 4ರ ಕೀಲಿಯ ಮೇಲೆ ಅದನ್ನು ಅಂದವಾಗಿ ಅಚ್ಚು ಹಾಕಿರುತ್ತಾರೆ. ಆದರೆ ಯಂತ್ರ ಅಮೆರಿಕದ ಇಂಗ್ಲಿಷಿಗೆ ಹೊಂದಿಸಿದ್ದರೆ ಏನು ಒತ್ತಿದರೂ ರೂಪಾಯಿ ಬರುವುದಿಲ್ಲ. ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಭಾರತದ ಇಂಗ್ಲಿಷ್ ಆರಿಸಿ, ಬಲಗಡೆಯ ಆಲ್ಟ್ ಹಿಡಿದು 4 ಒತ್ತಬೇಕು. ಭಾವ ಅದನ್ನು ಒತ್ತೀ ಒತ್ತೀ ಬೇಸತ್ತು ಫೋನ್ ಮಾಡಿದ್ದರು. “ಡಾಲರ್ ಬರ್ತಾ ಉಂಟು ಮಾರಾಯ. ಅಡಿಕೆ ಎಕ್ಸ್‌ಪೋರ್ಟ್ ಆಗೋ ಹಾಗೆ ಕಾಣ್ತದೆ.” ಮುಖದ ಮೇಲೆ ಬರೆದಿದೆ, ಬೆರಳಿಗೆ ಸಿಗುವುದಿಲ್ಲ.

ಇದಕ್ಕೆ ಸರಿಯಾಗಿ ಎದುರಾದದ್ದನ್ನು ನೋಡಿದ್ದು ಮ್ಯೂನಿಕ್‌ನಲ್ಲಿ, ಭಾವನ ಮಗನ ಮನೆಯಲ್ಲಿ. ಅಲ್ಲಿಗೆ ಹೋದಾಗ ಒಂದು ಲೇಖನ ತುರ್ತಾಗಿ ಕಳಿಸಬೇಕಾಯಿತು. ನನ್ನ ಯಂತ್ರದ ಚಾರ್ಜರ್ ಕೈಕೊಟ್ಟಿತ್ತು. ಹುಡುಗ ತನ್ನ ಲ್ಯಾಪ್‌ಟಾಪ್ ಮುಂದಿಟ್ಟ. “ಮಾವ, ಇದು ಜರ್ಮನ್ ಕೀಬೋರ್ಡು. ವೈ ಇರೋ ಕಡೆ ಝಡ್ ಇದೆ, ಝಡ್ ಇರೋ ಕಡೆ ವೈ ಇದೆ. ನಿಮಗೆ ಕಷ್ಟ ಆಗಬಹುದು.” ಎಲ್ ಪಕ್ಕ ತಲೆ ಮೇಲೆ ಎರಡು ಚುಕ್ಕಿ ಇಟ್ಟುಕೊಂಡ ಒ, ಅದರಾಚೆ ಅಂಥದ್ದೇ ಎ. ಆಟ್ ಚಿಹ್ನೆ ಕ್ಯೂ ಕೀಲಿಯಲ್ಲಿ. ಅವನದು ಲಿನಕ್ಸ್ ಯಂತ್ರ. ಅದರ ಕೀಬೋರ್ಡ್ ಪಟ್ಟಿಯಲ್ಲಿ ನನಗೆ ಒಗ್ಗಿದ ಅದೇ ಕನ್ನಡ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಮೊದಲೇ ಇತ್ತು. ಅದನ್ನು ಆರಿಸಿಕೊಂಡು, ಕೀಲಿಗಳ ಕಡೆ ನೋಡದೆ ಶುರು ಮಾಡಿದೆ. ಯ ಇರಬೇಕಾದಲ್ಲೇ ಯ ಬಂತು, ಆ ಕೀಲಿಯ ಮೇಲೆ ಝಡ್ ಎಂದು ಬರೆದಿದ್ದರೂ. ಟ ಬಂತು, ಡ ಬಂತು, ಎಫ್ ಉಬ್ಬುಗೆರೆಯ ಮೇಲೆ ಒತ್ತಕ್ಷರವೂ ಬಂತು. ಹುಡುಗ ಬೆರಗಾದ. “ಮಾವ, ನಾನು ಇದಕ್ಕೆ ಒಗ್ಗಿಕೊಳ್ಳೋಕೆ ಎಷ್ಟೋ ದಿನ ತಗೊಂಡೆ!” ಅವನು ಇಂಗ್ಲಿಷನ್ನು ಕೀಲಿಯ ಮುಖ ನೋಡಿ ಕಲಿತವನು.

ಅಲ್ಲಿ ಎಡವಿದ್ದು ಒಂದೇ ಕಡೆ. ಯುರೋಪಿನ ಕೀಬೋರ್ಡುಗಳಲ್ಲಿ ಎಡಗಡೆಯ ಶಿಫ್ಟನ್ನು ಮೊಟಕು ಮಾಡಿ, ಅದಕ್ಕೂ ಕೆಳಸಾಲಿನ ಮೊದಲ ಅಕ್ಷರಕ್ಕೂ ನಡುವೆ ಒಂದು ಹೆಚ್ಚುವರಿ ಕೀ ತೂರಿಸಿರುತ್ತಾರೆ. ನಮ್ಮ ಅನುಸ್ವಾರ, ಣ, ಳ, ಖ, ಫ, ಓ, ಊ, ಈ ಎಲ್ಲ ಬಲಗೈ ಅಕ್ಷರಗಳಾದ್ದರಿಂದ ಅವಕ್ಕೆ ಎಡಗಡೆ ಶಿಫ್ಟೇ ಬೇಕು. ಕಿರುಬೆರಳು ಹೋಗಿ ಆ ಹೆಚ್ಚುವರಿ ಕೀಲಿಯ ಮೇಲೆ ಬೀಳುತ್ತಿತ್ತು, ‘ಬಂದ’ ಎಂಬಲ್ಲೆಲ್ಲ ನಡುವೆ ಏನೋ ಚಿಹ್ನೆ ನುಸುಳಿ ಸೊನ್ನೆಯ ಬದಲು ಮ ಬೀಳುತ್ತಿತ್ತು. ಇಡೀ ಕೀಬೋರ್ಡಿನ ಹೆಸರುಗಳೆಲ್ಲ ಪರಭಾಷೆಯವಾದರೂ ನನಗೆ ತೊಂದರೆಯಾಗಲಿಲ್ಲ. ಒಂದು ಕೀ ಅರ್ಧ ಇಂಚು ಸರಿದದ್ದು ತೊಂದರೆಯಾಯಿತು.

ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತ ನನ್ನ ಗೆಳೆಯರದು ಇನ್ನೂ ಫಜೀತಿ. ಅವರ ಚ ಸೆಮಿಕೋಲನ್ ಕೀಲಿಯಲ್ಲಿ, ಟ ಅದರ ಪಕ್ಕದಲ್ಲಿ, ಡ ಚೌಕ ಕಂಸದಲ್ಲಿ. ಪುಟ್ಟ ಲ್ಯಾಪ್‌ಟಾಪ್ ಮಾಡುವವರು ಜಾಗ ಸಾಲದಾಗ ಮೊದಲು ಹಿಂಡುವುದು ಬಲ ಅಂಚಿನ ಆ ಕೀಲಿಗಳನ್ನೇ. ಇಂಗ್ಲಿಷಿಗೆ ಅವು ಅಪರೂಪದ ಚಿಹ್ನೆಗಳು. ‘ಕನ್ನಡ’ ಎಂದು ಬರೆಯುವವನಿಗೆ ಡ ಅಪರೂಪವಲ್ಲ.

ಈಗ ಮನೆಯಲ್ಲಿ ಬರೆಯುವಾಗ ಬೇರೊಂದು ಪೂರ್ಣಗಾತ್ರದ ಕೀಬೋರ್ಡನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿಕೊಳ್ಳುತ್ತೇನೆ. ಲ್ಯಾಪ್‌ಟಾಪಿನಲ್ಲೇ ಬರೆಯಬೇಕಾದಾಗ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ತಂತ್ರಾಂಶದಲ್ಲಿ ಕೀಲಿಗಳ ಕೆಲಸ ಬದಲಿಸಿಕೊಂಡಿದ್ದೇನೆ: ಮೇಲ್ಮುಖದ ಬಾಣವೂ ಶಿಫ್ಟ್, ಅದರಾಚೆಯ ಶಿಫ್ಟೂ ಶಿಫ್ಟ್. ಮೇಲಿನ ಸಾಲಿಗೆ ಹೋಗಲು ಮೌಸ್ ಇದೆ. ಈ ಯಂತ್ರ ಬೇರೆ ಯಾರ ಕೈಗೆ ಸಿಕ್ಕರೂ ಅವರು ನನ್ನನ್ನು ಬೈಯುವುದು ಖಂಡಿತ.

ಲ್ಯಾಪ್‌ಟಾಪ್ ಕೊಳ್ಳುವವರು ನನ್ನನ್ನು ಸಲಹೆ ಕೇಳುವುದುಂಟು. ರ‍್ಯಾಮ್, ಪ್ರೊಸೆಸರ್ ವಿಚಾರ ಅಂಗಡಿಯ ಹುಡುಗರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರು ಹೇಳದೇ ಇರುವುದು ಒಂದಿದೆ. ಕನ್ನಡದಲ್ಲಿ ಬರೆಯುವವರಾದರೆ ಅಂಗಡಿಯಲ್ಲೇ ಕೂತು, ಕೀಬೋರ್ಡ್ ನೋಡದೆ, ‘ಭಾಷಾಂತರ’ ಎಂದು ಹೊಡೆದು ನೋಡಿ. ಕನ್ನಡ ತಂತ್ರಾಂಶ ಇಲ್ಲದಿದ್ದರೂ ಪರವಾಗಿಲ್ಲ, ಇಂಗ್ಲಿಷ್ ಅಕ್ಷರ ಬಿದ್ದರೂ ಬೆರಳಿನ ದಾರಿ ಅದೇ. ಭ, ಅದರ ದೀರ್ಘ, ಷದ ದೀರ್ಘ ಎಂದು ಬಲಗಡೆ ಶಿಫ್ಟ್ ಮೂರು ಸಲ, ಸೊನ್ನೆಗೆ ಎಡಗಡೆ ಶಿಫ್ಟ್ ಒಂದು ಸಲ. ಐದಾರು ಸಾಲು ಅದನ್ನೇ ಹೊಡೆಯಿರಿ. ಕರ್ಸರ್ ಎಲ್ಲೂ ನೆಗೆಯದಿದ್ದರೆ ಬೆಲೆ ಕೇಳಿ. ನೆಗೆದರೆ, ಹುಡುಗ ಎಷ್ಟೇ ಡಿಸ್ಕೌಂಟ್ ಹೇಳಲಿ, ಪಕ್ಕದ ಅಂಗಡಿಗೆ ನಡೆಯಿರಿ.